ಜೂಜುವಾಡಿಯ ಐದು ಕಿಲೋಮೀಟರು

ಈ ವರ್ಷ ಮಾರ್ಚ್ ತಿಂಗಳ ಮೊದಲ ಶನಿವಾರ ಬೆಳಿಗ್ಗೆ, ಸೂಳಗಿರಿ ಬಳಿಯ ಒಂದು ಕಾರ್ಖಾನೆಯ ಮೈದಾನದಲ್ಲಿ, ನನ್ನ ಹೆಂಡತಿಯ ತಮ್ಮ ಐದು ಕಿಲೋಮೀಟರನ್ನು ಮೂವತ್ತೊಂದು ನಿಮಿಷ ನಲವತ್ತು ಸೆಕೆಂಡಿನಲ್ಲಿ ಓಡಿದ. ಮೂವತ್ತು ನಿಮಿಷದೊಳಗೆ ಮುಗಿಸಿದ್ದರೆ ಅಲ್ಲಿನ ಅಗ್ನಿಶಾಮಕ ತಂಡದಲ್ಲಿ ಅವನಿಗೆ ಕಾಯಂ ಕೆಲಸ ಸಿಗುತ್ತಿತ್ತು. ಆರು ವರ್ಷದಿಂದ ಅದೇ ಕಾರ್ಖಾನೆಯಲ್ಲಿ ಗುತ್ತಿಗೆಗೆ ದುಡಿಯುತ್ತಿರುವವನು ಗುತ್ತಿಗೆಯವನಾಗಿಯೇ ಮನೆಗೆ ಬಂದ.

ಅವನನ್ನು ಓಟಕ್ಕೆ ಹಚ್ಚಿದವನು ನಾನು. ಹಿಂದಿನ ಆಗಸ್ಟಿನಲ್ಲಿ, ಅತ್ತಿಬೆಲೆಯಾಚೆ ಕರ್ನಾಟಕದ ಗಡಿ ದಾಟಿದೊಡನೆ ಸಿಗುವ ಜೂಜುವಾಡಿಯ ಒಂದು ಓಟದ ಗುಂಪಿಗೆ ಸೇರಿದ್ದೆ. ಸುದ್ದಿಮನೆಯ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತ ದೇಹ ಮೊದಲ ದಿನ ಆರುನೂರು ಮೀಟರಿಗೆ ನಿಂತಿತು. ತಿಂಗಳು ಕಳೆಯುವಷ್ಟರಲ್ಲಿ ಮೂರು ಕಿಲೋಮೀಟರು ಓಡಿದೆ. ಕಾಯಂ ಹುದ್ದೆಗೆ ಓಟದ ಪರೀಕ್ಷೆ ಇದೆ ಎಂದು ಬಾಮೈದ ಹೇಳಿದಾಗ ಅವನನ್ನೂ ಕರೆದುಕೊಂಡು ಹೋದೆ.

ಗುಂಪಿನಲ್ಲಿ ಓಡುವವರು ನಾವು ಸೇರಿ ಹನ್ನೊಂದು ಮಂದಿ. ಅದರ ಮುಖ್ಯಸ್ಥನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಆತ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆಯವನು. ದಿನವಿಡೀ ಬೋಲ್ಟುಗಳನ್ನು ಅಳೆದು ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ತಿರಸ್ಕರಿಸುವುದು ಅವನ ಕೆಲಸ. ಲಾರಿಗಳು ನಿಲ್ಲುವ ಜಾಗದ ಹಿಂದಿನ ರಸ್ತೆಯಲ್ಲಿ ಆತನೇ ಬಿಳಿ ಬಣ್ಣದಲ್ಲಿ ಕಿಲೋಮೀಟರಿನ ಗೆರೆ ಎಳೆದಿದ್ದ. ಎರಡೂವರೆ ಹೋಗುವುದು, ಎರಡೂವರೆ ಬರುವುದು.

ಡಿಸೆಂಬರಿನವರೆಗೆ ಬಾಮೈದ ಸರಿಯಾದ ದಾರಿಯಲ್ಲೇ ಇದ್ದ. ವಾರದಲ್ಲಿ ಮೂರು ದಿನ, ಮಾತಾಡುತ್ತಾ ಓಡಬಹುದಾದಷ್ಟು ನಿಧಾನ. ಒಂದು ದಿನ ಜೋರು. ಭಾನುವಾರ ಉದ್ದದ ಓಟ. ಪ್ರತಿ ವಾರ ಅರ್ಧ ಕಿಲೋಮೀಟರು ಹೆಚ್ಚು. ಮೂವತ್ತೊಂಬತ್ತು ನಿಮಿಷದಿಂದ ಮೂವತ್ತಮೂರಕ್ಕೆ ಇಳಿದಿದ್ದ. ಮಾಸ್ಟರಿಗೆ ಈ ನಿಧಾನ ಹಿಡಿಸುತ್ತಿರಲಿಲ್ಲ. "ಏನ್ಲಾ, ಹೆಣದ ಹಿಂದೆ ನಡೆದಂಗೆ ಓಡ್ತೀಯಲ್ಲ? ವೇಗಂ ವೇಣುಂ!" ಎಂದು ಕನ್ನಡ, ತಮಿಳು ಎರಡರಲ್ಲೂ ಕೂಗುತ್ತಿದ್ದ. ತಾನು ಓಡುತ್ತಿರಲಿಲ್ಲ, ಪಕ್ಕದಲ್ಲಿ ಬೈಕಿನಲ್ಲಿ ಬರುತ್ತಿದ್ದ.

ಡಿಸೆಂಬರಿನಲ್ಲಿ ಆ ರಸ್ತೆಗೆ ಹೊಸದಾಗಿ ಡಾಂಬರು ಹಾಕಿದರು. ಗೆರೆಗಳು ಮುಚ್ಚಿಹೋದವು. ಮಾಸ್ಟರ್ ಬೈಕಿನ ಮೀಟರು ನೋಡಿಕೊಂಡು ಹೊಸ ಗೆರೆ ಎಳೆದ. ಮಾರನೆಯ ಬೆಳಿಗ್ಗೆ ಹನ್ನೊಂದು ಮಂದಿಯ ವೇಗವೂ ಒಟ್ಟಿಗೆ ಹೆಚ್ಚಿತು. ಬಾಮೈದ ಮೂವತ್ತಮೂರರಿಂದ ಇಪ್ಪತ್ತೊಂಬತ್ತಕ್ಕೆ ಬಂದ. ನಾನು ನಾಲ್ಕೂವರೆ ನಿಮಿಷ ಉಳಿಸಿದೆ. ಮಂಡಿ ನೋವಿನಿಂದ ಎರಡು ವಾರ ಮಲಗಿದ್ದು ಅಂದೇ ಬಂದವನೂ ತನ್ನ ದಾಖಲೆ ಮುರಿದ.

"ಡಾಂಬರು ಕಣ್ರಪ್ಪಾ, ಡಾಂಬರು! ಕಾಲು ತಂತಾನೇ ಹೋಗ್ತದೆ," ಎಂದ ಮಾಸ್ಟರ್. ಎಲ್ಲರಿಗೂ ವಡೆ ಕೊಡಿಸಿದ. ನಾನೂ ತಿಂದೆ.

ಒಬ್ಬ ಮಾತ್ರ ಫೋನು ತೋರಿಸಿದ. ಅದರಲ್ಲಿ ನಾಲ್ಕು ಕಿಲೋಮೀಟರು ನಾನೂರು ಮೀಟರು ಎಂದಿತ್ತು.

ಮಾಸ್ಟರ್ ನಕ್ಕ. "ಇದು ಜೂಜುವಾಡಿ ಕಣಪ್ಪಾ. ಕೆರೆ ದಾಟಿದ್ರೆ ಫೋನು ಕರ್ನಾಟಕದ ಟವರ್ ಹಿಡೀತದೆ. ಆ ಕಡೆ ಓಡಿದ್ದು ಈ ಕಡೆ ಲೆಕ್ಕಕ್ಕೆ ಬರಾಕಿಲ್ಲ."

"ಅಂಗಾದ್ರೆ ಆರ್ನೂರು ಮೀಟ್ರು ಅತ್ತಿಬೆಲೆ ಪಾಲಾಯ್ತು ಅನ್ನು," ಎಂದ ಇನ್ನೊಬ್ಬ. ನಗು. ಪ್ರಶ್ನೆ ಅಲ್ಲಿಗೆ ಮುಗಿಯಿತು. ಗಡಿಯಲ್ಲಿ ಫೋನಿಗೆ ಸ್ವಾಗತದ ಸಂದೇಶ ಬರುವುದನ್ನು ದಿನವೂ ಕಂಡವರು, ದೂರದ ಲೆಕ್ಕವೂ ರಾಜ್ಯದ ಲೆಕ್ಕದಂತೆ ಬದಲಾಗುತ್ತದೆ ಎಂದು ನಂಬಿದರು. ಇವರಲ್ಲಿ ಇಬ್ಬರು ಎಂಜಿನಿಯರುಗಳು. ಒಬ್ಬ, ಎರಡು ಕಡೆ ಕೇಳದೆ ಸುದ್ದಿ ಬರೆಯಬೇಡಿ ಎಂದು ಕಿರಿಯರಿಗೆ ಪಾಠ ಹೇಳುವವನು. ಅಂದು ಅವನು ಒಂದು ಕಡೆಯೂ ಕೇಳಲಿಲ್ಲ. ಬಾಮೈದನ ಹೆಸರಿನ ಮುಂದೆ ಇಪ್ಪತ್ತೊಂಬತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆ ಹಾಕಿದ.

ಬಾಮೈದ ಅಂದಿನಿಂದ ಭಾನುವಾರದ ಉದ್ದ ಓಟ ಬಿಟ್ಟ. "ಮೂವತ್ತರೊಳಗೆ ಬಂದ್ಬುಟ್ನಲ್ಲ ಭಾವ, ಇನ್ಯಾಕೆ?" ಎಂದ. ಆ ಭಾನುವಾರಗಳಲ್ಲಿ ಓವರ್‌ಟೈಮಿಗೆ ಹೋದ. ಸರಿ ಎಂದೆ. ಫೆಬ್ರವರಿಯ ಕೊನೆಗೆ ಅವನ ಸಮಯ ಇಪ್ಪತ್ತೆಂಟರ ಹತ್ತಿರವಿತ್ತು.

ಪರೀಕ್ಷೆಯ ಸಂಜೆ ಅವನು ನಮ್ಮ ಅವಲಪಲ್ಲಿಯ ಮನೆಗೆ ಬಂದು ಬೂಟು ಬಿಚ್ಚದೆ ಕೂತ. "ಅವರ ಮೈದಾನ ಉದ್ದ ಐತೆ ಭಾವ," ಎಂದ.

ನನ್ನ ಹೆಂಡತಿ ಒಳಗಿನಿಂದ ಹೇಳಿದಳು: "ಮೈದಾನ ಉದ್ದ ಆಗ್ಲಿಲ್ಲ ಕಣ್ಲಾ, ನಿಮ್ಮ ರೋಡು ಗಿಡ್ಡ ಆಗೈತೆ. ನಿಮ್ಮ ಭಾವ ಊರ್ನೋರ ಬಾಯಿಗೆಲ್ಲ ಮೈಕು ಹಿಡೀತಾರೆ. ಆ ಗೆರೆ ಎಳ್ದೋನ್ಗೆ ಒಂದ್ ಮಾತು ಕೇಳಕ್ಕಾಗ್ಲಿಲ್ಲ."

ಸೋಮವಾರ ರಸ್ತೆ ಗುತ್ತಿಗೆದಾರನ ಕಡೆಯವರಿಂದ, ಉರುಳಿಸಿಕೊಂಡು ಹೋಗುವ ಅಳತೆ ಚಕ್ರವನ್ನು ಕೇಳಿ ತಂದೆ. ನಾವು ಐದು ಎನ್ನುತ್ತಿದ್ದ ದಾರಿ ನಾಲ್ಕು ಕಿಲೋಮೀಟರು ಮುನ್ನೂರ ತೊಂಬತ್ತು ಮೀಟರು ಇತ್ತು. ಮಾಸ್ಟರನ ಬೈಕಿನ ಮೀಟರು ಮಳೆಗಾಲದಲ್ಲಿ ಕೆಟ್ಟಿತ್ತು. ಮೆಕ್ಯಾನಿಕ್ ಬೇರೆ ಯಾವುದೋ ಗಾಡಿಯದನ್ನು ಕೂರಿಸಿದ್ದ. ಇದನ್ನು ಹೇಳಿದವನು ಆ ಮೆಕ್ಯಾನಿಕ್. ಅವನ ಅಂಗಡಿ ನಾವು ಓಟ ಶುರುಮಾಡುವ ಜಾಗದ ಎದುರಿಗೇ ಇದೆ.

ಮಾರನೆಯ ಬೆಳಿಗ್ಗೆ ಅಳತೆಯನ್ನು ಗುಂಪಿಗೆ ಹೇಳಿದೆ. ಮಾಸ್ಟರ್, "ನಿಮ್ ಚಕ್ರ ಸರಿಯೈತಾ ಅಂತ ಯಾರು ನೋಡಿದ್ರು ಸಾರ್?" ಎಂದ. ಉಳಿದವರು ಶೂ ಲೇಸು ಕಟ್ಟಿಕೊಂಡರು. ನಾಲ್ಕು ನಿಮಿಷವನ್ನು ವಾಪಸು ಕೊಡಲು ಒಬ್ಬನೂ ಸಿದ್ಧನಿರಲಿಲ್ಲ. ಅಂದು ಬೆಳಿಗ್ಗೆಯೂ ಅದೇ ಗೆರೆಗಳ ನಡುವೆ ಓಡಿ, ಅದೇ ಸಮಯಗಳನ್ನು ಗುಂಪಿನ ವಾಟ್ಸ್ಆ್ಯಪ್‌ಗೆ ಹಾಕಿದರು.

ಬಾಮೈದ ಆ ಗುಂಪು ಬಿಟ್ಟ. ಅವಲಪಲ್ಲಿಯ ಬಳಿ ನಾವಿಬ್ಬರೂ ಚಕ್ರ ಉರುಳಿಸಿ ಒಂದು ಕಿಲೋಮೀಟರು ಗುರುತು ಮಾಡಿದೆವು. ಎರಡು ಸಲ ಅಳೆದೆವು. ಭಾನುವಾರದ ಉದ್ದ ಓಟ ಮತ್ತೆ ಶುರುವಾಯಿತು, ಆರು ಕಿಲೋಮೀಟರಿನಿಂದ. ಈಗ ಒಂಬತ್ತಕ್ಕೆ ಬಂದಿದೆ. ಓವರ್‌ಟೈಮು ಬಿಟ್ಟಿದ್ದಾನೆ.

ಮರುಪರೀಕ್ಷೆ ಇದೆ ಎಂದು ಕಾರ್ಖಾನೆಯವರು ಹೇಳಿದ್ದಾರೆ, ದಿನ ಗೊತ್ತುಮಾಡಿಲ್ಲ. ಮೊನ್ನೆ ಗುರುವಾರ ಅವನು ಐದು ಕಿಲೋಮೀಟರನ್ನು ಮೂವತ್ತು ನಿಮಿಷ ಹದಿನೆಂಟು ಸೆಕೆಂಡಿನಲ್ಲಿ ಓಡಿದ.