ಕೂಸು ಮಲಗಿದ ಮನೆಯ ಕಟ್ಟೆಯ ಮೇಲೆ ರೇಣುಕವ್ವ

ಭಾನುವಾರದ ಬೆಳಗು. ಬ್ಯಾಡಗಿಯ ಬಸ್ ನಿಲ್ದಾಣದಲ್ಲಿ ಚಹದ ಒಲೆ ಈಗಷ್ಟೇ ಹೊತ್ತಿದೆ. ಹಾವೇರಿಯಿಂದ ಬಂದ ಮೊದಲ ಬಸ್ಸಿನಿಂದ ಇಳಿಯುವ ರೇಣುಕವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಣ್ಣೆ ಬಾಟಲಿಯ ಕೈಚೀಲವನ್ನು ಹೆಗಲಿಗೇರಿಸಿ, ಚಹದ ಕಡೆ ಕಣ್ಣೆತ್ತಿಯೂ ನೋಡದೆ ನಡೆಯುತ್ತಾರೆ. ಮೆಣಸಿನಕಾಯಿ ಸುಗ್ಗಿ ಬೇರೆ. ಊರಿಗೆ ಊರೇ ಘಾಟು ಹೊದ್ದು ಮಲಗಿದೆ. ಹೊಸಬರಾದರೆ ನಾಲ್ಕು ಸಲ ಸೀನಿಯೇ ಮುಂದೆ ಹೋಗಬೇಕು. ರೇಣುಕವ್ವನ ಮೂಗು ಇದಕ್ಕೆ ಎಂದೋ ಪಳಗಿದೆ.

ಓಣಿಯ ತಿರುವಿನಲ್ಲಿ ಅವರು ಗಕ್ಕನೆ ನಿಲ್ಲುತ್ತಾರೆ. ಈ ತಿರುವಿಗೆ ಬಂದರೆ ಪುಷ್ಪಾವತಿಯವರ ಮನೆಯ ಮೊಮ್ಮಗನ ಅಳು ಕಿವಿಗೆ ಬೀಳಬೇಕು. ಐದು ತಿಂಗಳಿಂದ ಒಂದು ದಿನವೂ ತಪ್ಪಿಲ್ಲ. ಇಂದು ಅಳುವಿಲ್ಲ. ಮನೆಯ ಮುಂದೆ ನೀರು ಚಿಮುಕಿಸಿಲ್ಲ, ಬಚ್ಚಲ ಒಲೆಯ ಹೊಗೆ ಎದ್ದಿಲ್ಲ, ಬಾಗಿಲೂ ತೆರೆದಿಲ್ಲ. ಕಟ್ಟೆ ಹತ್ತಿ ಕದ ಬಡಿಯಲೆಂದು ಎತ್ತಿದ ಕೈ ಹಾಗೆಯೇ ನಿಲ್ಲುತ್ತದೆ.

“ಎದಿ ಧಸಕ್ ಅಂತರಿ. ಒಂದು ಮನಸ್ಸು ಕೂಸಿಗೆ ಏನರ ಆತೇನೋ ಅಂತು. ಇನ್ನೊಂದು ಮನಸ್ಸು, ಏ ಹುಚ್ಚಿ, ಬಡಿಬ್ಯಾಡ, ಇವ ಮಲಗ್ಯಾನ ಅಂತು.”

ಆ ಎರಡು ಮನಸ್ಸುಗಳ ನಡುವೆ ಕಟ್ಟೆಯ ಮೇಲೆ ಕುಳಿತ ರೇಣುಕವ್ವನಿಗೆ ಈ ಮನೆಯ ನಿದ್ದೆ ಏಕಿಷ್ಟು ಮುಖ್ಯ ಎಂಬುದನ್ನು ಹೇಳಬೇಕು.

ರೇಣುಕವ್ವ ಕೂಸುಗಳಿಗೆ ಎರೆಯುವಾಕೆ. ಬಾಣಂತಿಗೆ, ಹಸುಗೂಸಿಗೆ ಎಣ್ಣೆ ತಿಕ್ಕಿ ಹದವಾದ ನೀರು ಹಾಕುವುದು ಅವರ ಕಾಯಕ. ಹುಟ್ಟಿದ್ದು ಐರಣಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಕೊಟ್ಟಿದ್ದು ಹಾವೇರಿ ಮಗ್ಗುಲಿನ ಅಗಡಿಗೆ. ಗಂಡ ಬಲು ಬೇಗ ತೀರಿಕೊಂಡಾಗ ಅತ್ತೆ ಸೊಸೆಯ ಕಣ್ಣೊರೆಸುತ್ತ ಕೂರಲಿಲ್ಲ, ತಮ್ಮ ಎಣ್ಣೆ ಬಟ್ಟಲನ್ನು ಅವಳ ಕೈಗಿಟ್ಟರು. ಅಂದಿನಿಂದ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಂದು ಕರೆದ ಕಡೆಗೆಲ್ಲ ಹೋಗಿದ್ದಾರೆ. ಕಾಲು ಚಾಚಿ ಕುಳಿತು ಮೊಣಕಾಲ ಕೆಳಗೆ ಕೂಸನ್ನು ಬೋರಲು ಮಲಗಿಸಿಕೊಂಡರೆ ಅರಚುವ ಕೂಸೂ ಒಂದು ಕ್ಷಣ ಯೋಚನೆಗೆ ಬೀಳುತ್ತದೆ. ಈಗ ದಿನಕ್ಕೆ ಮೂರು ಮನೆ. ಬಿಸಿನೀರಿಗೆ, ಸಾಬೂನಿಗೆ ಬೆರಳ ಸಂದುಗಳು ಬಿರಿದಿವೆ. ಬಗ್ಗಿದ ಸೊಂಟ ನೆಟ್ಟಗಾಗಲು ಬಸ್ಸಿನ ಕಂಬ ಬೇಕು. ನಸುಕಿಗೂ ಮುಂಚೆ ಎದ್ದು ಟಂಟಂ ಆಟೊ ಹಿಡಿದು ಹಾವೇರಿ ಸೇರಬೇಕು. ಎಷ್ಟು ಕೂಸುಗಳಿಗೆ ಎರೆದಿದ್ದೀರಿ ಎಂದು ಕೇಳಿದರೆ ನಕ್ಕುಬಿಡುತ್ತಾರೆ. “ಎಣಿಸಬಾರದ್ರಿ, ದೃಷ್ಟಿ ತಾಕತೈತಿ.”

ಎಲ್ಲ ಮನೆಯಲ್ಲೂ ಎದುರಾಗುವ ಪ್ರಶ್ನೆ ಮಾತ್ರ ಒಂದೇ: ಆಯಿ, ಇದು ರಾತ್ರಿ ಪೂರ್ತಿ ಮಲಗೂದು ಯಾವಾಗ?

“ಕೂಸು ಗಡಿಯಾರ ಕಟ್ಟಿಕೊಂಡು ಹುಟ್ಟೂದಿಲ್ಲವ್ವಾ ಅಂತೇನಿ. ಕೆಲವು ನಾಕು ತಿಂಗಳಿಗೆ ಮಲಗ್ತಾವ, ಕೆಲವು ಆರಕ್ಕ, ಕೆಲವಕ್ಕ ವರ್ಷ ತುಂಬಿದ್ರೂ ಇಲ್ಲ. ರಾಣೇಬೆನ್ನೂರಾಗ ಒಬ್ಬಾಂವ ಇದ್ದ, ಹಡದಾಕೀನ ಎರಡು ವರ್ಷ ಎಬ್ಬಿಸಿ ಕುಂದ್ರಿಸಿದ. ಈಗ ಕಾಲೇಜಿಗೆ ಹೋಗ್ತಾನಂತ, ಬಿಸಲು ಏರಿದ್ರೂ ಏಳಂಗಿಲ್ಲಂತ!”

ಇಷ್ಟು ಹಗುರವಾಗಿ ಮಾತಾಡುವ ರೇಣುಕವ್ವ ಅಂಜಲಿಯ ವಿಷಯಕ್ಕೆ ಬಂದರೆ ಗಂಭೀರರಾಗುತ್ತಾರೆ. ಅಂಜಲಿ ಪುಷ್ಪಾವತಿಯವರ ಮಗಳು, ಬಸ್ ಕಂಡಕ್ಟರ್. ಹಾವೇರಿಯಿಂದ ಬ್ಯಾಡಗಿಗೆ ಬರುವ ಆ ಮೊದಲ ಬಸ್ಸು ಅವಳದೇ ಆಗಿತ್ತು. ಓಡಿ ಬರುವ ರೇಣುಕವ್ವನನ್ನು ಕಂಡರೆ ಸೀಟಿ ಊದದೆ ಕಾಯುತ್ತಿದ್ದಳು. ಕಿಟಕಿ ಪಕ್ಕದ ಸೀಟಿಗೆ ತನ್ನ ಚೀಲ ಇಟ್ಟು ಹಿಡಿಯುತ್ತಿದ್ದಳು. ಬಸುರಾದಾಗ ಟಿಕೆಟ್ ಹರಿಯುತ್ತಲೇ, “ಆಯಿ, ನನ್ನ ಕೂಸಿಗೆ ನೀವ ಎರೀಬೇಕು” ಎಂದು ಮಾತು ತೆಗೆದುಕೊಂಡಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇಲ್ಲಿ ಎರೆಯುವಾಕೆಯೂ ಗೊತ್ತಾಗಿದ್ದಳು.

ಕೂಸು ಬಂತು. ಫಕ್ಕೀರೇಶ ಎಂದು ಹೆಸರಿಟ್ಟರು. ಎಡವಟ್ಟಾಗಿದ್ದು ತೊಟ್ಟಿಲಿಗೆ ಹಾಕಿದ ಆ ದಿನವೇ.

ರೇಣುಕವ್ವ ಕಲಿತ ಪದ್ಧತಿಯೊಂದಿದೆ. ತೊಟ್ಟಿಲಿನ ತಳಕ್ಕೆ ಅಜ್ಜಿ ಉಟ್ಟು ಬಿಟ್ಟ ಸೀರೆಯನ್ನೇ ಹಾಸಬೇಕು, ಅದೂ ಒಗೆಯದೆ. ಮನೆಯವರ ಮೈವಾಸನೆ ಸಿಕ್ಕರೆ ಕೂಸು ಹೆದರದೆ ಮಲಗುತ್ತದೆ ಎಂಬ ನಂಬಿಕೆ. ಪುಷ್ಪಾವತಿಯವರು ಹಿಗ್ಗಿ ಹೀರೆಕಾಯಿಯಾಗಿ, ಸಂಜೆ ಉಟ್ಟು ಬಂದ ಸೀರೆಯನ್ನೇ ಮಡಚಿ ಕೊಟ್ಟರು. ವಾರಕ್ಕೊಂದು ಬದಲಿಸಿಯೂ ಕೊಟ್ಟರು. ಅವರು ದಿನವಿಡೀ ಕೂತು ಮಾಡುವ ಕೆಲಸವಾದರೂ ಏನು? ಮೆಣಸಿನಕಾಯಿ ತೊಟ್ಟು ಬಿಡಿಸುವುದು!

ಫಕ್ಕೀರೇಶ ಸೀನಿದ, ಅತ್ತ, ಮತ್ತೆ ಸೀನಿದ. ಯಾರದೋ ದೃಷ್ಟಿ ತಗುಲಿದೆ ಎಂದರು. ದೃಷ್ಟಿ ತೆಗೆಯುವುದಕ್ಕೂ ಬ್ಯಾಡಗಿಯಲ್ಲಿ ಬೇಕಾಗಿದ್ದು ಮೆಣಸಿನಕಾಯಿಯೇ. ಕೂಸಿಗೆ ನಿವಾಳಿಸಿ ಇಳಿ ತೆಗೆದು ಒಲೆಗೆ ಹಾಕಿದ ಮೇಲಂತೂ ಕೂಸಿನ ಜೊತೆ ಮನೆ ಮಂದಿಯೆಲ್ಲ ಕಣ್ಣೀರಿಟ್ಟರು. ಘಾಟು ಎಲ್ಲಿಂದ ಬಂತೆಂದು ಯಾರೂ ಯೋಚಿಸಲಿಲ್ಲ, ಎಲ್ಲರ ಮೂಗೂ ಈ ಊರಿಗೆ ಒಗ್ಗಿದ ಮೂಗೇ. ಕಡೆಗೆ ರಾಣೇಬೆನ್ನೂರಿನ ಬೀಜದ ಅಂಗಡಿಯಲ್ಲಿ ಕೆಲಸ ಮಾಡುವ ಅಳಿಯ ದುರ್ಗೇಶ ಬಂದ. ಮಗನನ್ನು ಮುದ್ದಿಸಲು ತೊಟ್ಟಿಲೊಳಗೆ ಮುಖ ಇಟ್ಟ. ಒಂದರ ಹಿಂದೊಂದು ಸೀನುತ್ತ ಅಂಗಳಕ್ಕೇ ಓಡಿದ.

“ಅವತ್ತು ಭೂಮಿ ಬಾಯಿ ಬಿಟ್ಟಿದ್ರ ಒಳಗ ಹೋಗ್ತಿದ್ನಿ,” ಎನ್ನುತ್ತಾರೆ ರೇಣುಕವ್ವ. “ನಮ್ಮೂರಾಗ ಅಜ್ಜಿ ಸೀರಿ ಅಂದ್ರ ರೊಟ್ಟಿ ವಾಸನಿ, ಸಗಣಿ ವಾಸನಿ. ಇಲ್ಲಿ ಬ್ಯಾರೇನ ಇರತೈತಿ ಅಂತ ನನ್ನ ತಲಿಗೆ ಹೊಳೀಲೇ ಇಲ್ಲ. ಹಾಸು ಅಂದಾಕಿ ನಾನು. ತಪ್ಪು ನಂದರಿ.”

ಕೂಸಿನ ಮೂಗಿನದೇನೋ ಸರಿ ಹೋಯಿತು. ಪುಷ್ಪಾವತಿಯವರ ಮನಸ್ಸು ಸರಿ ಹೋಗಲಿಲ್ಲ. “ನನ್ನ ಮೈವಾಸನಿ ಮಮ್ಮಗಗ ಬ್ಯಾಡಾತೇನು ಯಕ್ಕಾ?” ಎಂದು ಅತ್ತರು. ರೇಣುಕವ್ವ ಆ ಸೀರೆಯನ್ನು ಅಗಡಿಗೆ ಒಯ್ದು, ಸೀಗೆಕಾಯಿ ಹಾಕಿ ಒಗೆದು, ಬಿಸಿಲಿಗೆ ಒಣಗಿಸಿ, ಮತ್ತೆ ಒಗೆದು ತಂದರು. ಈ ಸಲ ದುರ್ಗೇಶನ ಮೂಗಿಗೇ ಹಿಡಿದು ಪರೀಕ್ಷೆ ಮಾಡಿಸಿದರು. ಅವನು ಸೀನಲಿಲ್ಲ. ಅಂದಿನಿಂದ ಪುಷ್ಪಾವತಿಯವರು ಕೆಲಸದಿಂದ ಬಂದವರು ಮೈ ತೊಳೆದು ಸೀರೆ ಬದಲಿಸಿಯೇ ಮೊಮ್ಮಗನನ್ನು ಎತ್ತಿಕೊಳ್ಳುತ್ತಾರೆ.

ಇಷ್ಟಾದ ಮೇಲಾದರೂ ಫಕ್ಕೀರೇಶ ಮಲಗಬೇಕಿತ್ತು. ಎಲ್ಲಿ? ಹಸಿವಿಗೆ ಏಳುತ್ತಿದ್ದ, ಒದ್ದೆಗೆ ಏಳುತ್ತಿದ್ದ, ಆಟಕ್ಕೂ ಏಳುತ್ತಿದ್ದ. ತಿಂಗಳುಗಳು ಉರುಳಿ ಅಂಜಲಿಯ ರಜೆ ಮುಗಿಯುತ್ತ ಬಂತು, ಈ ಸೋಮವಾರ ಮತ್ತೆ ಕೆಲಸಕ್ಕೆ ಹೋಗಬೇಕು. ನಿದ್ದೆಗೆಟ್ಟ ಕಣ್ಣಲ್ಲಿ ನಸುಕಿನ ಪಾಳಿಗೆ ಹೋಗಿ ಚಿಲ್ಲರೆ ಎಣಿಸುವುದು ಹೇಗೆ? ಕಳೆದ ವಾರ ಬಚ್ಚಲ ಬಾಗಿಲಲ್ಲಿ ನಿಂತು ಅವಳು ಹೇಳಿಯೇಬಿಟ್ಟಳು. “ಆಯಿ, ಸೋಮವಾರದೊಳಗ ಇವ ಮಲಗಲಿಲ್ಲಂದ್ರ ನಾ ಕೆಲಸ ಬಿಡತೇನಿ. ನನ್ನ ಕೈಲೆ ಆಗವಲ್ದು.”

ರೇಣುಕವ್ವನ ಕೈಯ ತಂಬಿಗೆ ನಿಂತಿತು. ತಾನು ಹಾಸಿಸಿದ ಸೀರೆಯಿಂದಲೇ ಕೂಸಿನ ನಿದ್ದೆ ಕೆಟ್ಟಿತೇನೋ ಎಂಬ ಅಳುಕು ಅವರನ್ನು ಬಿಟ್ಟಿರಲಿಲ್ಲ. ಖಾಕಿ ಅಂಗಿ ತೊಟ್ಟು, ಸೀಟಿ ಊದಿ ಇಡೀ ಬಸ್ಸನ್ನು ನಿಲ್ಲಿಸುವ ಹುಡುಗಿ ಈಗ ಮನೆಯಲ್ಲಿ ಕೂತರೆ ಆ ಪಾಪ ಯಾರದು? “ಇವತ್ತರ ಮಲಗೋ ನಮ್ಮಪ್ಪಾ, ನಿಮ್ಮವ್ವನ ಬಸ್ಸು ನಿಂದ್ರಬಾರದು” ಎಂದು ದಿನವೂ ಎಣ್ಣೆ ತಿಕ್ಕುತ್ತ ಫಕ್ಕೀರೇಶನ ಕಿವಿಯಲ್ಲಿ ಹೇಳುತ್ತಿದ್ದರು. ಅವನು ಬೊಚ್ಚು ಬಾಯಿ ಬಿಟ್ಟು ನಗುತ್ತಿದ್ದ.

ಹೀಗೆ ಬಂದ ಭಾನುವಾರ ಇದು. ರೇಣುಕವ್ವ ಕಟ್ಟೆಯ ಮೇಲಿದ್ದಾರೆ. ಹಾಲಿನವನು ಬಂದು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಎದ್ದು ಅವನ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ನಾಯಿಯೊಂದನ್ನು ಸದ್ದಿಲ್ಲದೆ ಓಡಿಸುತ್ತಾರೆ. ಬಿಸಿಲು ಕಟ್ಟೆಗೆ ಬರುತ್ತದೆ. ಒಳಗೆ ಪಾತ್ರೆ ಬಿದ್ದ ಸದ್ದು, ಆಮೇಲೆ ಪುಷ್ಪಾವತಿಯವರ ಚೀರು: “ಅಯ್ಯ, ಬೆಳಕಾಗೈತಿ! ಕೂಸು ಯಾಕ ಅಳವಲ್ದು?”

ಬಾಗಿಲು ತೆರೆಯುತ್ತದೆ. ರೇಣುಕವ್ವ ಒಳಗೆ ನುಗ್ಗುತ್ತಾರೆ. ಕೂದಲು ಕೆದರಿದ ಅಂಜಲಿ, ಶನಿವಾರ ಸಂಜೆ ಬಂದಿದ್ದ ದುರ್ಗೇಶ, ಎಲ್ಲರೂ ತೊಟ್ಟಿಲಿಗೆ ಮುಗಿಬೀಳುತ್ತಾರೆ. ತೊಟ್ಟಿಲಲ್ಲಿ ಫಕ್ಕೀರೇಶ ಕಣ್ಣು ಪಿಳಿಪಿಳಿ ಬಿಡುತ್ತ ಅಜ್ಜಿಯ ಸೀರೆಯ ಅಂಚನ್ನು ಚೀಪುತ್ತಿದ್ದಾನೆ. ಇಷ್ಟು ಜನ ಯಾಕೆ ಬಂದರೆಂದು ಒಬ್ಬೊಬ್ಬರನ್ನೇ ನೋಡುತ್ತಾನೆ.

“ರಾತ್ರಿ ಹಾಲು ಕುಡದು ಮಲಗಿದಾಂವ ಆಯಿ! ನಾನೂ ಮಲಗೇನಿ! ಕನಸೂ ಬಿತ್ತು!” ಅಂಜಲಿ ನಗುತ್ತಾಳೋ ಅಳುತ್ತಾಳೋ ತಿಳಿಯದು. ಪುಷ್ಪಾವತಿಯವರು ಸೀರೆಯ ಅಂಚನ್ನು ಮುಟ್ಟಿ ತೋರಿಸುತ್ತಾರೆ. “ನನ್ನ ಸೀರಿ ಹಿಡಕೊಂಡ ಮಲಗ್ಯಾನ ನೋಡ ಯಕ್ಕಾ.” ರೇಣುಕವ್ವ ಬಚ್ಚಲಿಗೆ ಹೋಗಿ ಒಲೆ ಹೊತ್ತಿಸುತ್ತ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ. ಹೊಗೆ ಇನ್ನೂ ಎದ್ದಿರುವುದಿಲ್ಲ.

ಇಂದು ಮಲಗಿದವನು ನಾಳೆ ಎದ್ದರೆ? “ಏಳ್ತಾನರಿ. ಹಲ್ಲು ಬರೂ ಮುಂದ ಮತ್ತ ಏಳ್ತಾನ. ಆದ್ರ ಒಮ್ಮೆ ಮಲಗಿ ತೋರಿಸ್ಯಾನಲ್ಲ, ಹಡದಾಕಿಗೆ ಧೈರ್ಯ ಬರಾಕ ಅಷ್ಟು ಸಾಕು.” ತಮಗೇನು ಬೇಕೆಂದು ಕೇಳಿದರೆ ನಾಚುತ್ತಾರೆ. “ನನಗೇನರಿ. ಆಕಿ ಬಸ್ಸಿನ್ಯಾಗ ಕಿಡಕಿ ಸೀಟು ಸಿಕ್ಕರ ಸಾಕು.”

ಸೋಮವಾರ ನಸುಕು, ಹಾವೇರಿಯ ನಿಲ್ದಾಣ. ಕೂಸನ್ನು ಅಜ್ಜಿಗೆ ಒಪ್ಪಿಸಿ, ದುರ್ಗೇಶನ ಬೈಕಿನಲ್ಲಿ ಬ್ಯಾಡಗಿಯಿಂದ ಬಂದ ಅಂಜಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಬಸ್ಸಿನ ಬಾಗಿಲಲ್ಲಿ ನಿಂತಿದ್ದಾಳೆ. ಕಿಟಕಿ ಪಕ್ಕದ ಸೀಟಿನ ಮೇಲೆ ಅವಳ ಚೀಲವಿದೆ. ಸೊಂಟದ ಮೇಲೆ ಕೈ ಇಟ್ಟು ಓಡಿ ಬಂದ ರೇಣುಕವ್ವ ಏರುತ್ತಾರೆ, ಕೂರುತ್ತಾರೆ, ಆ ಚೀಲವನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಬಸ್ಸು ಊರು ದಾಟುವುದರೊಳಗೆ ತಲೆ ಕಿಟಕಿಗೆ ಒರಗುತ್ತದೆ. ಎಷ್ಟೋ ವರ್ಷಗಳಿಂದ ಊರ ಕೂಸುಗಳಿಗಾಗಿ ನಸುಕಿನ ನಿದ್ದೆ ಬಿಟ್ಟ ಹೆಂಗಸು ಬಾಯಿ ತೆರೆದು ಗೊರಕೆ ಹೊಡೆಯುತ್ತಾರೆ.

“ಚಿಂತಿ ಇಲ್ಲದಾಕಿಗೆ ಸಂತ್ಯಾಗೂ ನಿದ್ದಿ,” ಎಂದು ಹಿಂದಿನ ಸೀಟಿನ ಮುದುಕನೊಬ್ಬ ನಗುತ್ತಾನೆ. ಅಂಜಲಿ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಾಗಿಸುತ್ತಾಳೆ. ಆಮೇಲೆ ಚಾಲಕನ ಕಡೆ ಬಾಗಿ ಮೆಲ್ಲಗೆ ಹೇಳುತ್ತಾಳೆ.

“ಅಣ್ಣಾ, ಹಾರ್ನ್ ಹೊಡಿಬ್ಯಾಡ್ರಿ. ನಮ್ಮ ಆಯಿ ಮಲಗ್ಯಾಳ.”