ಎಡೆಗೆ ಸೇರದ ಬಟ್ಟೆಗಳು

ಬೆಳಿಗ್ಗೆ ಹತ್ತಿ ಸೀರೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುತ್ತಿದ್ದಾಗ ಫೋನು ಬಂತು. ಮಾತಾಡಿ ಬರುವಷ್ಟರಲ್ಲಿ ಸೆರಗಿನ ಮೇಲೆ ಕಂದು ಗುರುತು ಮೂಡಿತ್ತು. ಒದ್ದೆ ಬಟ್ಟೆ ಬಿಸಿಗೆ ಕಮರಿದ ಆ ವಾಸನೆ... ಒಳ್ಳೆಯ ಸೀರೆ ಹಾಳಾಯಿತೆಂದು ನನ್ನನ್ನೇ ಬೈದುಕೊಳ್ಳಬೇಕಾದವಳು ಹಾಗೇ ಕುಳಿತುಬಿಟ್ಟೆ. ನಮ್ಮ ಬೀದಿಯ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಅಕ್ಕ ಕಣ್ಣ ಮುಂದೆ ಬಂದಳು. ಇವತ್ತು ಮಹಾಲಯ ಅಮಾವಾಸ್ಯೆ ಬೇರೆ.

ಚನ್ನರಾಯಪಟ್ಟಣಕ್ಕೆ ಫ್ರೆಂಚ್ ಯಾಕೆ ಬೇಕಿತ್ತೋ ಆ ದೇವರೇ ಬಲ್ಲ. ತೆಂಗಿನಕಾಯಿ ವ್ಯಾಪಾರದ ಊರು. ಬೆಂಗಳೂರಿನ ಶಾಲೆಗಳಲ್ಲಿ ಇದೆಯಂತೆ ಎಂದು ಇಲ್ಲಿನ ಒಂದು ಖಾಸಗಿ ಶಾಲೆಯವರು ಮೊದಲು ಬೋರ್ಡು ಬರೆಸಿದರು, ಆಮೇಲೆ ಕಲಿಸುವವರನ್ನು ಹುಡುಕಿದರು. ಮೈಸೂರಿನಲ್ಲಿ ಡಿಪ್ಲೊಮಾ ಮಾಡಿ, ಮದುವೆಯಾಗಿ ಬಂದು ಮನೆಯಲ್ಲಿ ಕೂತಿದ್ದ ನಾನು ಸಿಕ್ಕಿದೆ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ. ಇಸ್ತ್ರಿ ಅಕ್ಕನ ಒಬ್ಬಳೇ ಮಗಳಿಗೆ ಅದೇ ಶಾಲೆಯಲ್ಲಿ ಫೀಸಿಲ್ಲದ ಸೀಟು ಸಿಕ್ಕಿತ್ತು. ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು.

ಬಟ್ಟೆಬರೆಯ ಪಾಠ ಬಂದಾಗ ಆ ಹುಡುಗಿಗೆ ಹಬ್ಬ. ಬೇರೆ ಮಕ್ಕಳು ಪುಸ್ತಕದ ಚಿತ್ರ ನೋಡಿ ಉರು ಹೊಡೆಯುತ್ತಿದ್ದರೆ ಇವಳ ಮುಂದೆ ಸಂಜೆ ಬೀದಿಯ ಬಟ್ಟೆಯೆಲ್ಲ ಬಂದು ಬೀಳುತ್ತಿತ್ತು. ಅಮ್ಮ ಒಂದೊಂದನ್ನೇ ಬಿಡಿಸಿ ಹಾಸಿದಂತೆ ಮಗಳು ಹೆಸರು ಕೂಗುತ್ತಿದ್ದಳು. ಶೆಮೀಜ್ ಅಂದರೆ ಅಂಗಿ, ಪಾಂತಲೋಂ ಅಂದರೆ ಪ್ಯಾಂಟು, ರೋಬ್ ಅಂದರೆ ಫ್ರಾಕು. ಪುಸ್ತಕದಲ್ಲಿದ್ದ ಉಣ್ಣೆಯ ಕೋಟು, ಕೈಗವಸು ಮಾತ್ರ ಯಾರ ಮನೆಯ ಗಂಟಿನಲ್ಲೂ ಸಿಗಲಿಲ್ಲ. ಹಾಲು ತರಲು ಹೋಗುವಾಗ ನಾನೂ ಒಂದು ಗಳಿಗೆ ನಿಂತು ಕೇಳುತ್ತಿದ್ದೆ. "ಯಾವ್ ಬಾಸೇಲಿ ಕರುದ್ರೂ ಸುಕ್ಕು ಒಂದೇ ಕಣವ್ವಾ" ಎಂದು ಅಕ್ಕ ನಗುತ್ತ ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತಿದ್ದಳು.

ಆ ಪಾಠ ಮುಗಿಯಲಿಲ್ಲ. ಮಳೆಗಾಲದಲ್ಲಿ ಹುಡುಗಿಗೆ ಜ್ವರ ಬಂತು. ಇಲ್ಲಿ ಇಂಜೆಕ್ಷನ್ ಕೊಡಿಸಿದರು, ಇಳಿಯಲಿಲ್ಲ. ಹಾಸನಕ್ಕೆ ಕರೆದುಕೊಂಡು ಹೋದರು, ಡೆಂಗ್ಯೂ ಅಂದರು. ಬಸ್ಸಿನಲ್ಲಿ ಅಮ್ಮನ ಹೆಗಲಿಗೆ ಒರಗಿ ಹೋದ ಮಗು ಆಂಬುಲೆನ್ಸಿನಲ್ಲಿ ವಾಪಸು ಬಂತು... ಇನ್ನೂ ಏಳನೇ ಕ್ಲಾಸು. ಇದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದಾಗದು.

ಆ ವರ್ಷ ಹಿರಿಯರ ಹಬ್ಬಕ್ಕೆ ಅಕ್ಕ ಅರಕಲಗೂಡಿನ ಕಡೆಯ ಗಂಡನ ಊರಿಗೆ ಹೋದಳು. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಕಡೆ ತೀರಿಹೋದವರಿಗೆ ಹೊಸ ಬಟ್ಟೆ ತಂದು ಕಳಶದ ಮುಂದೆ ಮಡಿಸಿಡುತ್ತಾರೆ. ಅವರಿಗೆ ಇಷ್ಟವಾಗಿದ್ದ ಅಡುಗೆಯನ್ನು ಎಡೆ ಇಟ್ಟು, ಕೋಣೆಯ ಬಾಗಿಲು ಎಳೆದುಕೊಂಡು, ಎಲ್ಲರೂ ಹೊರಗೆ ಕಾಯುತ್ತಾರೆ. ಹೋದವರು ಬಂದು ಉಂಡು, ಉಟ್ಟು ಹೋಗುತ್ತಾರೆ ಎಂಬ ನಂಬಿಕೆ. ಅಕ್ಕ ಮಾವನ ಪಂಚೆಯ ಪಕ್ಕದಲ್ಲಿ ಮಗಳಿಗೆಂದು ತಂದ ಹಳದಿ ಫ್ರಾಕು ಇಟ್ಟಳಂತೆ. ಅತ್ತೆ ಅದನ್ನು ಎತ್ತಿ ಅವಳ ಕೈಗೇ ಕೊಟ್ಟರು. "ಮಕ್ಳು ಹಿರೇರಾಯ್ತವೇನವ್ವಾ? ಮದ್ವೆಯಾಗ್ದೋರ್ಗೆ ಎಡೆ ಇಲ್ಲ. ಇಟ್ರೆ ಮನೇಲಿರೋ ಮಕ್ಳಿಗೆ ಕೇಡು" ಅಂದರಂತೆ. ಅತ್ತೆ ಕೆಟ್ಟವರೇನಲ್ಲ, ಮೊಮ್ಮಗಳಿಗಾಗಿ ಎದೆ ಬಡಿದುಕೊಂಡು ಅತ್ತವರೇ. ಆದರೆ ಪದ್ಧತಿ ಪದ್ಧತಿಯೇ. ಫ್ರಾಕು ಅರಕಲಗೂಡಿನ ಬಸ್ಸಿನಲ್ಲಿ ವಾಪಸು ಬಂತು.

ಮರುವರ್ಷ ಅಮಾವಾಸ್ಯೆ ಹತ್ತಿರ ಬಂದಾಗ ಬಟ್ಟೆ ಕೊಡಲು ಹೋದ ನನ್ನನ್ನು ಅಕ್ಕ ನಿಲ್ಲಿಸಿಕೊಂಡಳು. ಫ್ರಾಕಿಗೆ ಮಗಳು ಏನನ್ನುತ್ತಿದ್ದಳೆಂದು ಕೇಳಿದಳು. ರೋಬ್ ಅಂದೆ. ರಿಬ್ಬನ್ನಿಗೆ, ಕಾಲುಚೀಲಕ್ಕೆ ಏನೆಂದು ಕೇಳಿದಳು. ಅದನ್ನೂ ಹೇಳಿದೆ, ಕಾಲುಚೀಲಕ್ಕೆ ಶೋಸೆತ್. ಈಗ್ಯಾಕೆ ಇದೆಲ್ಲ ಎಂದಿದ್ದಕ್ಕೆ ಪೆಟ್ಟಿಗೆಯಿಂದ ಕಣ್ಣೆತ್ತದೆ ಮೆಲ್ಲಗೆ ಅಂದಳು.

"ಬಟ್ಟೆ ಇಡ್ಬ್ಯಾಡ ಅಂದವ್ರೆ ಟೀಚರಮ್ಮ. ಎಸ್ರು ಯೋಳ್ಬ್ಯಾಡ ಅಂದಿಲ್ವಲ್ಲ. ಅವ್ಳು ಕಲೀತಿದ್ದ ಮಾತ್ನಲ್ಲೇ ಯೋಳ್ತೀನಿ. ಅತ್ತೆಗೆ ತಿಳಿಯಾಕಿಲ್ಲ, ಅವ್ಳಿಗೆ ತಿಳೀತದೆ."

ಹಾಗೆ ಶಾಲೆಯ ಹೊರಗೆ ನನಗೊಬ್ಬ ವಿದ್ಯಾರ್ಥಿನಿ ಸಿಕ್ಕಿದಳು. ಕಲಿಸುವುದು ನನಗೆ ಹೊಟ್ಟೆಪಾಡು, ಇಷ್ಟು ಹೆದರಿಕೊಂಡು ಕಲಿಯುವವರನ್ನು ನಾನು ನೋಡಿರಲಿಲ್ಲ. ನಾಲಿಗೆ ಒಂದಿಷ್ಟು ತಪ್ಪಿದರೆ ಬಟ್ಟೆ ಮಗಳನ್ನು ಮುಟ್ಟದೆ ಹೋದೀತೆಂಬ ಭಯ. ಹಬ್ಬದ ದಿನ ಊರಲ್ಲಿ ಎಡೆಯ ಮುಂದೆ ಕಣ್ಣು ಮುಚ್ಚಿ ಅಕ್ಕ ಗೊಣಗುವುದನ್ನು ಕಂಡು ಅತ್ತೆ ಯಾವುದೋ ಮಂತ್ರವೆಂದುಕೊಂಡರು. ಸೊಸೆಗೆ ಈಗೀಗ ಭಕ್ತಿ ಬಂದಿದೆ ಎಂದು ನೆಂಟರ ಮುಂದೆ ಹೇಳಿಕೊಂಡರಂತೆ. ಅದನ್ನು ನನಗೆ ಹೇಳುವಾಗ ಅಕ್ಕನಿಗೆ ನಗು ಬಂತು. ಮಗಳು ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಆಗಲೇ.

ಸತ್ತ ಮಗು ಅಕ್ಕನ ಪಾಲಿಗೆ ಬೆಳೆಯುತ್ತಲೇ ಇತ್ತು. ಮಗಳ ವಾರಿಗೆಯ ಹುಡುಗಿಯರು ಏನು ತೊಡುತ್ತಾರೆಂದು ಬೀದಿಯಲ್ಲಿ ನೋಡಿಕೊಂಡು, ಹಬ್ಬ ಬಂದಾಗ ಹೊಸ ಪದ ಕೇಳುತ್ತಿದ್ದಳು. ಫ್ರಾಕು ಚಿಕ್ಕದಾಯಿತು, ಲಂಗ ಬೇಕು. ಜ್ಯೂಪ್ ಹೇಳಿಕೊಟ್ಟೆ. ಚೂಡಿದಾರದ ಕಾಲ ಬಂತು, ದುಪಟ್ಟಕ್ಕೆ ಎಶಾರ್ಪ್ ಕೊಟ್ಟೆ. ಬಳೆಗೆ ಬ್ರಾಸ್ಲೆ. ಓಲೆಯ ಹೆಸರು ಉದ್ದವಾಗಿತ್ತು, ಅದು ಅವಳ ಬಾಯಿಗೆ ಬರುವಷ್ಟರಲ್ಲಿ ಎರಡು ಅಂಗಿ ಮಡಿಕೆಯಾದವು. ಅಷ್ಟರಲ್ಲಿ ಶಾಲೆಯವರು ಫ್ರೆಂಚನ್ನು ಕೈಬಿಟ್ಟಿದ್ದರು. ನನಗೆ ಉಳಿದಿದ್ದವಳು ಇವಳೊಬ್ಬಳೇ.

ಎದುರು ಸಾಲಿನ ಹುಡುಗಿಗೆ ಮದುವೆ ಗೊತ್ತಾದ ವರ್ಷ ಅಕ್ಕ ಸೀರೆಗೆ ಏನನ್ನುತ್ತಾರೆಂದು ಕೇಳಿದಳು. ಅವರ ದೇಶದಲ್ಲಿ ಸೀರೆಯಿಲ್ಲ, ನಮ್ಮದನ್ನೇ ತೆಗೆದುಕೊಂಡು ಸಾರಿ ಅನ್ನುತ್ತಾರೆ ಅಂದೆ. ಅಕ್ಕನ ಕೈ ನಿಂತಿತು. "ಅಂಗಂದ್ರೆ ಅತ್ತೆಗೂ ತಿಳಿದೋಯ್ತದೆ" ಅಂದಳು. ಬೇರೆ ಹೆಸರೇ ಇಲ್ಲವೇ ಎಂದು ಮತ್ತೆ ಮತ್ತೆ ಕೇಳಿದಳು. ಇರಲಿಲ್ಲ. ಈ ಸಲಕ್ಕೂ ಬಳೆ, ಓಲೆ ಸಾಕು ಅಂದೆ. ಬೆಳೆದ ಮಗಳು ಇನ್ನೆಷ್ಟು ವರ್ಷ ಲಂಗದಲ್ಲೇ ಇರುತ್ತಾಳೆ ಎಂದು ನನ್ನನ್ನೇ ಕೇಳಿದಳು...

ಎಡೆಯ ಮುಂದೆ ಅದನ್ನೂ ಹೇಳಿಯೇಬಿಟ್ಟಳಂತೆ. ಅತ್ತೆಗೆ ಆ ಒಂದು ಪದ ತಿಳಿಯಿತು. ಅದು ತಿಳಿದ ಮೇಲೆ ಇಷ್ಟು ವರ್ಷ ಗೊಣಗಿದ್ದು ಏನೆಂಬುದೂ ಹೊಳೆಯಿತು. ಮನೆಯಲ್ಲಿ ಮೈದುನನ ಹೆಂಡತಿ ಬಸುರಿ. ಹುಟ್ಟುವ ಕೂಸಿಗೆ ಏನಾದರೂ ಆದರೆ ಎಂದು ಎಲ್ಲರೂ ಹೆದರಿದರು. ಅಲ್ಲಿಂದಾಚೆ ಅಕ್ಕನನ್ನು ಎಡೆಯ ಕೋಣೆಗೆ ಸೇರಿಸಲಿಲ್ಲ. ಮುಂದಿನ ಅಮಾವಾಸ್ಯೆಗೆ ಗಂಡ ಒಬ್ಬನೇ ಊರಿಗೆ ಹೋದ, ಅಕ್ಕ ಇಲ್ಲೇ ಬಟ್ಟೆ ತಿಕ್ಕುತ್ತಿದ್ದಳು. ಇಲ್ಲೇ ನಿಂತು ಹೇಳಬಾರದೇ ಎಂದೆ. "ಎಡೆ ಇಲ್ದಿದ್ ಕಡೆ ಕರುದ್ರೆ ಯಾರ್ ಬತ್ತಾರೆ ಟೀಚರಮ್ಮ?" ಅಂದಳು.

ಆಮೇಲೆ ಅಕ್ಕ ಹೆಚ್ಚು ಕಾಲ ಬದುಕಲಿಲ್ಲ. ಹೋದ ಬೇಸಿಗೆಯ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಗಾಡಿಯ ಪಕ್ಕ ಕುಸಿದವಳು ಏಳಲಿಲ್ಲ. ಯಾರದೋ ಬಿಳಿ ಅಂಗಿಯ ಮೇಲೆ ಪೆಟ್ಟಿಗೆ ಹಾಗೇ ಇತ್ತು. ಸುಟ್ಟ ಬಟ್ಟೆಯ ವಾಸನೆ ಮನೆಯೊಳಗೆ ಬಂದದ್ದರಿಂದಲೇ ನಾವು ಓಡಿಹೋದದ್ದು.

ಬೆಳಿಗ್ಗೆ ಬಂದ ಫೋನು ಅಕ್ಕನ ಗಂಡನದು. ಊರಲ್ಲಿದ್ದಾನಂತೆ. ಈ ಸಲ ಅವಳಿಗೂ ಎಡೆ ಇಡುತ್ತಾರಂತೆ, ಹೊಸ ಸೀರೆ ತಂದು ಅತ್ತೆಯೇ ಕೈಯಾರೆ ಮಡಿಸಿಟ್ಟಿದ್ದಾರಂತೆ. ಮುತ್ತೈದೆಯಾಗಿ ಹೋದವಳು, ಈಗ ಅವಳೂ ಹಿರಿಯರ ಸಾಲಿಗೆ ಸೇರಿದಳು. ಮಗಳಿಗೆ ಎಂದು ಕೇಳಿದೆ. "ಅವ್ಳಿಗೆ ಯೋಳ್ತಿದ್ದೋಳೇ ಒಂಟೋದ್ಲಲ್ಲ" ಅಂದ.

ಈ ಊರಲ್ಲಿ ಆ ಪದಗಳು ಗೊತ್ತಿರುವವಳು ಈಗ ನಾನೊಬ್ಬಳು. ಸುಟ್ಟ ಸೀರೆಯನ್ನು ಮಡಿಸಿ ದೇವರ ಮುಂದಿಟ್ಟು ಒಂದೊಂದಾಗಿ ಹೇಳಿದೆ. ರೋಬ್, ಶೋಸೆತ್, ಜ್ಯೂಪ್, ಎಶಾರ್ಪ್, ಬ್ರಾಸ್ಲೆ... ಕೊನೆಗೆ ಸಾರಿ. ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಹೊಂಗೆಮರದ ಕೆಳಗೆ ಈಗ ಯಾರದೋ ಬೈಕು ನಿಲ್ಲುತ್ತದೆ. ಒಂದೂ ಪದ ತಪ್ಪಿರಲಿಲ್ಲ, ಉಚ್ಚಾರಣೆಯೂ ಸರಿಯಾಗಿತ್ತು. ಒಳಗೆ ಹೋಗಿ ನೋಡಿದೆ. ಯಾರೂ ಬಂದಿರಲಿಲ್ಲ.