ಹುಲ್ಲುಹಾಸಿನ ಮೇಲೆ ಚರಗ

ಮೈಸೂರಿನಲ್ಲಿರುವ ಅರಸರ ಕಾಲದ ಆ ದೊಡ್ಡ ಮೃಗಾಲಯಕ್ಕೆ ನಮ್ಮ ಅಬ್ಬಿಗೇರಿಯ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆದೊಯ್ಯಬೇಕೆಂಬ ವಿಚಾರವನ್ನು ನಾನು ಮನೆಯಲ್ಲಿ ಮಂಡಿಸಿದಾಗ, ಪ್ರತಿವಾದಿಯಾಗಿ ನಿಂತವರು ದೊಡ್ಡಪ್ಪ. ಎದುರಾಳಿಯ ವಾದದಲ್ಲಿ ಬಲವಾದ ಭಾಗ ಯಾವುದೋ ಅದಕ್ಕೇ ಮೊದಲು ಉತ್ತರ ಕೊಡಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ್ದರು. ದೊಡ್ಡಪ್ಪನ ವಾದಕ್ಕೆ ಭಾಗಗಳೇ ಇರಲಿಲ್ಲ.

"ದೇವರಿಗೆ ಹೋಗೂದಾದ್ರ ಹೋಗ್ರಿ. ಹುಲಿ ನೋಡಾಕ ಅಷ್ಟ ದೂರ ಯಾಕ? ಅದೂ ಗಂಡಸರಿಲ್ಲದ ಬಸ್ಸಿನಾಗ?"

"ದೇವರಿಗೆ ಹೋದಾಗೆಲ್ಲಾ ನಾವು ನಿಮ್ಮ ಚಪ್ಪಲಿ ಕಾದದ್ದ ಆತು," ಎಂದು ಅಡುಗೆಮನೆಯಿಂದ ದೊಡ್ಡವ್ವ ಹೇಳಿದಳು.

ಹರಕೆಯಿಲ್ಲದೆ, ಬೀಗರ ಮನೆಯ ಮದುವೆಯ ನೆಪವಿಲ್ಲದೆ, ನೋಡುವುದಕ್ಕಾಗಿಯೇ ಲೋಕವನ್ನು ನೋಡುವ ಹಕ್ಕು ಹೆಣ್ಣಿಗೂ ಇದೆಯೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಮೂರು ಸಂಜೆ ಅದನ್ನೇ ವಾದಿಸಿದ ಮೇಲೆ ದೊಡ್ಡಪ್ಪ ತೀರ್ಪು ಕೊಟ್ಟರು. "ಹೋಗ್ರಿ. ಏನರ ಎಡವಟ್ಟ ಮಾಡ್ಕೊಂಡ್ರಿ ಅಂದ್ರ, ಇದ ಮೊದಲ್ದು, ಇದ ಕಡೀದು." ಓಣಿಯ ಉಳಿದ ಗಂಡಸರು ದೊಡ್ಡಪ್ಪನ ಮಾತಿನ ಹಿಂದೆಯೇ ನಡೆಯುವವರು. ಹೀಗಾಗಿ ಪ್ರತಿ ವರ್ಷ ಒಂದು ಪ್ರವಾಸ ನಮಗೆ ದಕ್ಕುವುದೋ ಇಲ್ಲವೋ ಎಂಬುದು ಆ ಒಂದು ದಿನದ ಮೇಲೆ ನಿಂತಿತು. ಗಜೇಂದ್ರಗಡದಿಂದ ಬಾಡಿಗೆಗೆ ತಂದ ಬಸ್ಸಿನಲ್ಲಿ ನಾನು ಎದ್ದು ನಿಂತು ಮೃಗಾಲಯದ ನಿಯಮಗಳನ್ನು ವಿವರಿಸಿದೆ: ಗದ್ದಲ ಮಾಡಬಾರದು, ಕಸ ಎಸೆಯಬಾರದು, ಪ್ರಾಣಿಗಳಿಗೆ ಏನನ್ನೂ ತಿನ್ನಿಸಬಾರದು. ಎಲ್ಲರೂ ಒಪ್ಪಿದರು.

ಮುಂಜಾನೆ ನಾವು ಒಳಗೆ ಕಾಲಿಟ್ಟಾಗ ಹಳೆಯ ಮರಗಳು ದಾರಿಯ ಮೇಲೆ ಚಪ್ಪರ ಹಾಕಿದ್ದವು. ಕಪ್ಪು ಮಣ್ಣಿನ ಯರಿಭೂಮಿಯ ಬಟಾಬಯಲಿನಲ್ಲಿ ಬೆಳೆದ ನಮ್ಮವರು ಮೊದಲ ಅರ್ಧ ತಾಸು ಪ್ರಾಣಿಗಳನ್ನು ಬಿಟ್ಟು ನೆರಳನ್ನೇ ನೋಡಿದರು. ಆಮೇಲೆ ಬಾಯಿ ಬಿಚ್ಚಿತು. ನಮ್ಮ ಓಣಿಯಲ್ಲಿ ಜಂಪರ್ ಹೊಲಿಯುವ, ಓಣಿಗೆಲ್ಲ ಅಕ್ಕನಾದ ಆಪಾ ಜಿರಾಫೆಯನ್ನು ಕೆಳಗಿನಿಂದ ಮೇಲಿನವರೆಗೆ ಅಳೆದು, "ಇದರ ಕಾಲರಿಗೇ ಒಂದ ತಾನ ಅರಬಿ ಬೇಕ ನೋಡ್ರಿ" ಎಂದಳು. ನೀರಾನೆಯ ಮುಂದೆ ದೊಡ್ಡವ್ವ ಬಹಳ ಹೊತ್ತು ನಿಂತಳು. "ಎಮ್ಮಿ ಆಗಾಕ ಹೋಗಿ ಅರ್ಧಕ್ಕ ಬಿಟ್ಟೈತಿ," ಎಂಬುದು ಅವಳ ನಿರ್ಣಯ. ಸಿಂಹ ಬಂಡೆಯ ಮೇಲೆ ಮಲಗಿ ಬಾಲವನ್ನೂ ಅಲ್ಲಾಡಿಸಲಿಲ್ಲ. "ನಮ್ಮನಿಯವರೂ ಹಿಂಗ, ಉಂಡ ಮ್ಯಾಲ," ಎಂದು ಯಾರೋ ಅಂದರು. ಅದು ತಮ್ಮ ಮನೆಯ ಮಾತೇ ಎಂಬಂತೆ ಎಲ್ಲರೂ ನಕ್ಕರು.

ಊಟಕ್ಕೆ ಮೃಗಾಲಯದ ಬೇಲಿಗೆ ಹೊಂದಿಕೊಂಡ ತೋಟದ ಹುಲ್ಲುಹಾಸಿಗೆ ಬಂದೆವು. ಅಲ್ಲಿ ಕೂತು ಉಣ್ಣಲು ಅಡ್ಡಿಯಿರಲಿಲ್ಲ. ಎಳ್ಳಮವಾಸೆ ಕಳೆದು ವಾರವೂ ಆಗಿರಲಿಲ್ಲ. ಬುತ್ತಿಗಳಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಲೆ. ನಾನು ಕೈ ತೊಳೆದು ಬರುವಷ್ಟರಲ್ಲಿ ದೊಡ್ಡವ್ವ ಅನ್ನ, ರೊಟ್ಟಿ, ಪಲ್ಲೆ ಎಲ್ಲವನ್ನೂ ಒಂದು ಬುಟ್ಟಿಯಲ್ಲಿ ಕಲಸಿಕೊಂಡು, "ಹುಲ್ಲುಲ್ಲಿಗೋ" ಎಂದು ಕೂಗುತ್ತ ಹುಲ್ಲಿನ ಮೇಲೆ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಿದ್ದಳು. ಉಳಿದವರೆಲ್ಲ ಹಿಂದಿನಿಂದ ದನಿಗೂಡಿಸುತ್ತಿದ್ದರು. ಎಳ್ಳಮವಾಸೆಯ ದಿನ ಹೊಲದಲ್ಲಿ ಉಣ್ಣುವ ಮುನ್ನ ಭೂಮಿತಾಯಿಗೆ ಹೀಗೆ ಚರಗ ಚೆಲ್ಲುವುದು ನಮ್ಮಲ್ಲಿ ರೂಢಿ. ಬಯಲಲ್ಲಿ ಕೂತು ಬುತ್ತಿ ಬಿಚ್ಚಿದರೆ ಅವರಿಗೆ ಅದು ಹೊಲವೇ.

ಮೊದಲು ಕಾಗೆಗಳು ಬಂದವು, ಹಿಂದೆಯೇ ಮಂಗಗಳು, ಅವುಗಳ ಹಿಂದೆ ಕಾವಲುಗಾರ.

"ಏನ್ರಮ್ಮ ಇದು? ಪ್ರಾಣಿ ಪಕ್ಷಿಗೆ ಊಟ ಹಾಕ್ಬಾರ್ದು ಅಂತ ಬೋರ್ಡ್ ಹಾಕಿಲ್ವಾ?"

"ಪ್ರಾಣಿಗ್ಯಾರ ಹಾಕ್ಯಾರೋ ಯಪ್ಪಾ? ಭೂಮಿತಾಯಿಗೆ ಹಾಕೇವಿ," ಎಂದಳು ದೊಡ್ಡವ್ವ.

"ತಿನ್ನೋದು ಕೋತಿ ತಾನೆ? ಆಫೀಸಿಗೆ ಬನ್ನಿ, ಸಾಹೇಬ್ರತ್ರ ಮಾತಾಡಿ."

ಎಡವಟ್ಟು ಎಂದರೆ ಇದೇ. ನಾನು ಮುಂದೆ ಬಂದು, ನಿಯಮದ ಅಕ್ಷರ ಬೇರೆ ಆಶಯ ಬೇರೆ, ಜನರ ಆಚಾರವನ್ನೂ ಗಮನಿಸಬೇಕು ಎಂದು ಆರಂಭಿಸಿದೆ. ಅವನು ಸಮಾಧಾನದಿಂದ ಕೇಳಿಸಿಕೊಂಡು, "ಎಲ್ಲಾ ಸರಿ ಮೇಡಂ. ಇವತ್ತು ರುಚಿ ಹತ್ತಿದ್ರೆ ನಾಳೆ ಮಕ್ಕಳ ಕೈಯಿಂದ ಕಿತ್ಕೊಳ್ತವೆ. ಪರಚ್ತವೆ" ಎಂದ. ಎದುರಾಳಿಯ ಮಾತು ನಿಜವೆಂದು ತಿಳಿದ ಮೇಲೆ ಕೂತುಬಿಡುವುದೇ ಸಭಾಮರ್ಯಾದೆ.

"ದೊಡ್ಡವ್ವ, ಅವರು ಹೇಳೂದು ಖರೇ ಐತಿ," ಎಂದೆ.

"ಹಂಗಾರ ತಗದ ಬಿಡೂಣು," ಎಂದು ಅವಳು ಸೆರಗು ಸಿಕ್ಕಿಸಿದಳು. ನೆಲ ಮುಟ್ಟಿ ನಮಸ್ಕರಿಸಿ, "ಯವ್ವಾ, ನೀ ಉಂಡಿ ಅಂತ ತಿಳಕೊಂತೀವಿ. ಎಂಜಲಾ ನಾವ ಎತ್ತತೀವಿ" ಎಂದು ತಾಯಿಯ ಜೊತೆಗೂ ಅಲ್ಲೇ ಇತ್ಯರ್ಥ ಮಾಡಿಕೊಂಡಳು.

ಮಂಗಗಳನ್ನು ಬೆದರಿಸಲು ಇಬ್ಬರು ನಿಂತರು. ಉಳಿದವರೆಲ್ಲ, ಉಳ್ಳಾಗಡ್ಡಿ ಹೊಲದಲ್ಲಿ ಕಳೆಯ ಕಸ ತೆಗೆಯುವಾಗ ಕೂರುವಂತೆ, ಒಂದೇ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಗುಳು ಅಗುಳಾಗಿ ಆರಿಸುತ್ತ ಮುಂದೆ ಸರಿದರು. ಆಪಾಳೂ ಸಾಲಿನಲ್ಲಿದ್ದಳು. ರೂಢಿಬಿದ್ದ ಕೈಗಳು ಹುಲ್ಲಿನ ನಡುವಿನ ಕಸವನ್ನೂ ಬಿಡಲಿಲ್ಲ. ಕಿತ್ತು ಕಿತ್ತು ಹಿಂದಕ್ಕೆ ಎಸೆದವು. "ಅಯ್ಯೋ, ಅದು ಮಾಲಿ ಕೆಲಸ, ಬಿಡಿ," ಎಂದು ಕಾವಲುಗಾರ ಸಾಲಿನ ಉದ್ದಕ್ಕೂ ಓಡಾಡಿದ. ಆಗಲೇ ಯಾರೋ ಕಸ ತೆಗೆಯುವ ಹಾಡು ಎತ್ತಿದ್ದರು.

ಅದೇ ಹೊತ್ತಿಗೆ ದೊಡ್ಡಪ್ಪನ ವಿಡಿಯೊ ಕರೆ ಬಂತು. ಉಪ್ಪಿನಕಾಯಿ ಭರಣಿ ಎಲ್ಲಿದೆ ಎಂದು ಕೇಳಲು. ಮೊಬೈಲು ನನ್ನ ಕೈಯಲ್ಲಿತ್ತು. ಆಮೇಲೆ ಮಾಡುತ್ತೇವೆಂದು ಕತ್ತರಿಸಬಹುದಿತ್ತು, ಕತ್ತರಿಸುವ ಮನಸ್ಸೂ ಆಗಿತ್ತು. ದೊಡ್ಡವ್ವ ಕೈ ಚಾಚಿ ಇಸಿದುಕೊಂಡಳು.

"ಅದೇನ್ ಮಾಡಾಕತ್ತೀರಿ ಎಲ್ಲಾರೂ?"

"ಚರಗ ಚೆಲ್ಲಿದ್ವಿ. ಇಲ್ಲಿ ನಡಿಯೂದಿಲ್ಲಂತ. ತಗಿಯಾಕತ್ತೀವ್ರಿ."

"ಅಂದ್ರ ಎಡವಟ್ಟ ಆತು."

"ಆತ್ರಿ. ನಾವ ಮಾಡಿದ್ವಿ, ನಾವ ನೀಟ ಮಾಡಾಕತ್ತೀವಿ."

"ಗಂಡಸರ ಒಬ್ಬರರ ಇದ್ದಿದ್ರ..."

"ಇದ್ದಿದ್ರ ಇಷ್ಟೊತ್ತಿಗೆ ಹೊಡೆದಾಟ ಆಗತಿತ್ತು."

ಸಾಲು ಹಾಡು ನಿಲ್ಲಿಸಿತ್ತು. ಕಾವಲುಗಾರ ಬಗ್ಗಿ ಪರದೆಯೊಳಗೆ ಇಣುಕಿ, "ಯಜಮಾನ್ರೇ, ಏನೂ ಆಗಿಲ್ಲ ಬಿಡಿ. ಇಷ್ಟು ಚೊಕ್ಕವಾಗಿ ಇಲ್ಲಿ ಯಾರೂ ಎತ್ತಿಲ್ಲ. ಇನ್ನು ಆಫೀಸೂ ಬೇಡ" ಎಂದ. ದೊಡ್ಡಪ್ಪನ ಕಣ್ಣು ಆಗಲೇ ಬೇರೆಲ್ಲೋ ಇತ್ತು.

"ನಿನ್ನ ಹಿಂದ, ಗಿಡದ ಮ್ಯಾಲ, ಅದೇನದು?"

"ಜಿರಾಫ್ರಿ."

"ಖರೇನ ಅಷ್ಟ ಉದ್ದ ಇರತೈತೇನ? ಫೋನ್ ಹೊಳ್ಳಸು. ಇನ್ನಷ್ಟ ಮ್ಯಾಲ. ಹಾಂ, ಹಂಗ ಹಿಡಿ."

ದೊಡ್ಡವ್ವ ಬೇಲಿಯವರೆಗೆ ನಡೆದು ತೋಳು ನೋಯುವಷ್ಟು ಹೊತ್ತು ಮೊಬೈಲನ್ನು ಎತ್ತಿ ಹಿಡಿದಳು. ಕೊನೆಗೆ ದೊಡ್ಡಪ್ಪ ಕೇಳಿದರು: "ಬರೂ ವರ್ಷ ಎಲ್ಲಿಗೆ ಹೋಗಾವ್ರ ನೀವು? ನನಗೂ ಒಂದ ಸೀಟ ಹಿಡೀತೀರೇನ?"

"ಕೇಳಿ ಹೇಳತೀನ್ರಿ," ಎಂದಳು ದೊಡ್ಡವ್ವ.

ಊರಿಗೆ ಮರಳುವ ಬಸ್ಸಿನಲ್ಲಿ ನಾನು ಅಧ್ಯಕ್ಷಳಾಗಿ ಆ ವಿಷಯವನ್ನು ಸಭೆಯ ಮುಂದಿಟ್ಟೆ. ಪರ ವಿರೋಧ ಎರಡೂ ಜೋರಾಗಿ ನಡೆದವು. ವಿರೋಧದ ಮುಂದಾಳು ಆಪಾ. ದಾವಣಗೆರೆ ದಾಟುವಾಗ ಕೈ ಎತ್ತಿಸಿ ಎಣಿಸಿದೆವು. ದೊಡ್ಡಪ್ಪ ಬರಬಹುದು, ಆದರೆ ಕುಲುಕಾಡುವ ಹಿಂದಿನ ಸೀಟಿನಲ್ಲಿ, ಯಾವ ತೀರ್ಪನ್ನೂ ಕೊಡದೆ.